ಒಗೆಯಬಾರದಿದ್ದ ಕುಪ್ಪಸ

ಇಲಾರಿಯಾಳಿಗೆ ಕೊಳೆ ಕಂಡರೆ ಆಗದು. ತೊತೊನಿಕಪಾನ್ ಊರಿನ ಒಗೆಯುವ ತೊಟ್ಟಿಯ ಬಳಿ ನಲವತ್ತು ವರ್ಷ ಊರವರ ಬಟ್ಟೆ ಒಗೆದು, ಗಂಡ ಸತ್ತ ಮೇಲೆ ತನ್ನ ಹೊಟ್ಟೆ ತಾನೇ ಹೊರೆದುಕೊಂಡವಳು. ಮದುವೆಮನೆಗೆ ಹೋದರೂ ಪಕ್ಕದಲ್ಲಿ ಕೂತವಳ ತೋಳಿನ ಎಣ್ಣೆ ಕಲೆಯ ಮೇಲೇ ಅವಳ ಕಣ್ಣು. "ನಿಂಬೆ ಹಾಕಿ ಉಜ್ಜೇ, ಹೋಗುತ್ತೆ" ಎನ್ನದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಸುಬಿನ ಗುಣ ಅದಕ್ಕಿಂತ ಗಟ್ಟಿ. ಅಂಥವಳ ಕೈಗೆ, ಒಗೆಯಲೇಬಾರದ ಬಟ್ಟೆಯೊಂದನ್ನು ಕೊಟ್ಟು ಮೂರು ದಿನದ ದಾರಿಗೆ ಕಳಿಸಿದ್ದರು. ಯಾರನ್ನು ಬೈಯೋಣ ಹೇಳಿ.

ಬಟ್ಟೆ ಅವಳ ತಮ್ಮ ಬೆರ್ನಾಬೆಯ ಹಿರಿಮಗಳು ಓತಿಲಿಯಾಳದು. ಹನ್ನೆರಡು ವರ್ಷದ ಹುಡುಗಿ. ಎರಡು ತಿಂಗಳ ಹಿಂದೆ ಶಾಲೆಯವರ ಜೊತೆ ದೂರದ ಪೆತೆನ್ ಕಾಡಿನ ತಿಕಾಲಿಗೆ ಪ್ರವಾಸ ಹೋಗಿದ್ದಳು. ಹಳಬರು ಕಟ್ಟಿ ಬಿಟ್ಟುಹೋದ ಕಲ್ಲಿನ ಊರು ಅದು. ಅಲ್ಲಿಯ ಎತ್ತರದ ಗುಡಿಯ ಮೆಟ್ಟಿಲಿಳಿಯುವಾಗ ಕಾಡಿನೊಳಗಿಂದ ಕೂಗುಮಂಗಗಳು ಒಮ್ಮೆಗೇ ಗರ್ಜಿಸಿದವಂತೆ, ಹುಡುಗಿ ಬೆಚ್ಚಿ ನಾಲ್ಕು ಮೆಟ್ಟಿಲು ಜಾರಿದಳಂತೆ. ಮೊಣಕಾಲು ತರಚಿತು, ಅಷ್ಟೇ. ಗೆಳತಿಯರು ನಕ್ಕರು, ಇವಳೂ ನಕ್ಕಳು. ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ. ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂರುವಳು. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುವಳು. ಕರೆದರೆ ಎರಡನೇ ಸಲಕ್ಕೆ ತಿರುಗುವಳು. ಮೈ ದಿನದಿಂದ ದಿನಕ್ಕೆ ಇಳಿಯಿತು. ಪೇಟೆಯ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಟಾನಿಕ್ ಮುಗಿಯಿತು, ಹುಡುಗಿ ಇನ್ನೂ ಇಳಿದಳು.

ಕೊನೆಗೆ ವೆನಾನ್ಸಿಯಾ ಅಜ್ಜಿಯನ್ನು ಕರೆಸಿದರು. ಊರಲ್ಲಿ ಬೆಚ್ಚಿಬಿದ್ದ ಮಕ್ಕಳನ್ನು ನೋಡುವವಳು ಅವಳೇ. ಅಜ್ಜಿ ಹುಡುಗಿಯ ಮಣಿಕಟ್ಟು ಹಿಡಿದು ತುಂಬ ಹೊತ್ತು ಕೂತಳು.

"ಮನೇಲಿರೋದು ಬರೀ ಮೈ ಕಣ್ರಪ್ಪ. ಜೀವ ಆ ಮೆಟ್ಟಿಲ ಮೇಲೇ ಕೂತಿದೆ. ಹೋಗಿ ಕರ್ಕೊಂಡ್ ಬನ್ನಿ."

"ನಾನು ಹೋಗ್ತೀನಿ" ಎಂದಳು ತಾಯಿ ಪೆತ್ರೋನಾ.

"ನೀನು ಎದ್ದುಹೋದ್ರೆ ಇಲ್ಲಿರೋ ಮೈಯನ್ನ ಯಾರು ಹಿಡ್ಕೋತಾರೆ? ಇವಳನ್ನ ಬೆನ್ನಿಗೆ ಕಟ್ಕೊಂಡು ಸಾಕ್ದೋಳು ಇಲಾರಿಯಾ ತಾನೆ? ಅವಳ ದನಿ ಗೊತ್ತು. ಅವಳು ಹೋಗ್ಲಿ." ಅಜ್ಜಿ ಹುಡುಗಿಯ ಮೈಮೇಲಿದ್ದ ಕೆಂಪು ಕುಪ್ಪಸವನ್ನು ಬಿಚ್ಚಿಸಿ ಮಡಚಿದಳು. "ಇದಕ್ಕೆ ನೀರು ಸೋಕಿಸ್ಬೇಡಿ. ಜೀವ ತನ್ನ ಬೆವರಿನ ವಾಸನೆ ಹಿಡ್ಕೊಂಡು ಬಟ್ಟೆಯೊಳಗೆ ಬಂದು ಕೂರುತ್ತೆ. ಒಗೆದ ಬಟ್ಟೆ ಯಾರ ಬಟ್ಟೆಯೋ, ಅದಕ್ಕೇನು ಗೊತ್ತಾಗ್ಬೇಕು?"

ಇದು ಇಲಾರಿಯಾಳಿಗೆ ಗೊತ್ತಿಲ್ಲದ್ದಲ್ಲ. ಅವಳೂ ಅದೇ ಊರಿನ ಮಗಳು.

ರಾಜಧಾನಿಯ ದಾರಿಯಲ್ಲಿ ಗುಡ್ಡ ಕುಸಿದಿತ್ತು. ಹಾಗಾಗಿ ಅಕ್ಕ, ತಮ್ಮ ಇಬ್ಬರೂ ಬೆಟ್ಟಗಳ ಮೇಲಿನ ದಾರಿ ಹಿಡಿದರು. ಕೀಚೆ ದಾಟಿ, ಉಸ್ಪಾಂತಾನ್ ದಾಟಿ, ಕೊಬಾನಿಗೆ. ಬೆರ್ನಾಬೆ ಅಲ್ಲಿಗೆ ಕಂಬಳಿ ಮಾರಲು ಹೋಗಿ ಬಂದು ಮಾಡುತ್ತಿದ್ದವನು, ಉಳಿಯಲು ಜಾಗ ಗೊತ್ತಿತ್ತು. ವ್ಯಾನಿನಲ್ಲಿ ಹದಿನೈದು ಜನರ ಜಾಗಕ್ಕೆ ಇಪ್ಪತ್ತಾರು ಜನ. ಇಲಾರಿಯಾ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ಮೇಲಿಟ್ಟುಕೊಂಡು ಕೂತಿದ್ದಳು.

"ಅಕ್ಕ, ಅದೇನು ಮೊಟ್ಟೆನಾ, ಹಾಗೆ ಕಾವು ಕೂತಿದೀಯ?" ಎಂದ ಬೆರ್ನಾಬೆ.

"ನಿನ್ ಕೈಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಕೀಚೆಯಲ್ಲೇ ಮರೆತು ಬಂದಿರ್ತಿದ್ದೆ. ಸುಮ್ನೆ ಕೂತ್ಕೊ."

ಅವನು ನಕ್ಕ. ಎರಡು ತಿಂಗಳಲ್ಲಿ ಅವನು ನಕ್ಕಿದ್ದು ಅದೇ ಮೊದಲು. ಮಗಳು ಸಿಕ್ಕೇ ಸಿಗುತ್ತಾಳೆ ಎಂದು ಅವನು ನಂಬಿಬಿಟ್ಟಿದ್ದ.

ಕೊಬಾನ್ ಇನ್ನೂ ಎರಡು ಗಂಟೆ ದೂರವಿರುವಾಗ, ಒಂದು ತಿರುವಿನಲ್ಲಿ ಪಕ್ಕದ ಹೆಂಗಸಿನ ಕೂಸು ಕುಡಿದ ಹಾಲನ್ನೆಲ್ಲ ಗಂಟಿನ ಮೇಲೆ ಕಕ್ಕಿತು. ಆ ತಾಯಿ ನಾಚಿಕೆಯಿಂದ ಸತ್ತೇಹೋದಳು. "ಇರ್ಲಿ ಬಿಡವ್ವ, ಕೂಸಿಗೇನ್ ಗೊತ್ತು" ಎಂದು ಇಲಾರಿಯಾ ಶಾಲಿನ ಅಂಚಿನಿಂದ ಒರೆಸಿದಳು. ಒರೆಸಿದರೆ ಹೋಗುತ್ತದೆಯೇ? ಗಂಟಿನ ಬಟ್ಟೆ ದಾಟಿ ಒಳಗಿನ ಕುಪ್ಪಸಕ್ಕೂ ಇಳಿದಿತ್ತು. ಕೊಬಾನ್ ಮುಟ್ಟುವ ಹೊತ್ತಿಗೆ ಹುಳಿ ನಾತ.

ಮರುದಿನ ಬೆಳಿಗ್ಗೆ ಬೆರ್ನಾಬೆ ಮುಂದಿನ ವ್ಯಾನ್ ಯಾವಾಗ ಎಂದು ಕೇಳಲು ಹೋದ. ಉಳಿದಿದ್ದ ಮನೆಯ ಹಿತ್ತಲಿನಲ್ಲಿ ಸಿಮೆಂಟಿನ ತೊಟ್ಟಿ, ತುಂಬ ನೀರು, ಕಟ್ಟೆಯ ಮೇಲೆ ಕರಿ ಸೋಪಿನ ಉಂಡೆ. ಮನೆಯೊಡತಿ ಮಾತುಗಾತಿ. ಏಲಕ್ಕಿ ಬೆಳೆಯ ಕಥೆ, ಓಡಿಹೋದ ಸೊಸೆಯ ಕಥೆ, ಸೊಸೆಯ ತಾಯಿಯ ಕಥೆ. ಇಲಾರಿಯಾ ಕುಪ್ಪಸವನ್ನು ತೆಗೆದು ಪಕ್ಕದಲ್ಲಿಟ್ಟು, ಗಂಟಿನ ಬಟ್ಟೆಯನ್ನು ಒಗೆಯಲು ಕೂತಳು. ಅದು ಒಗೆಯಬಹುದಾದ ಬಟ್ಟೆಯೇ. ಬಾಯಿ "ಹೌದಾ? ಆಮೇಲೆ?" ಎನ್ನುತ್ತಿತ್ತು, ಕೈ ತನ್ನ ಪಾಡಿಗೆ ಒಂದಾದ ಮೇಲೆ ಒಂದು ಎತ್ತಿಕೊಂಡು ಸೋಪು ಹಚ್ಚಿ, ಕಲ್ಲಿಗೆ ಹಾಕಿ ಉಜ್ಜಿ, ಜಾಲಿಸಿ, ಹಿಂಡುತ್ತಿತ್ತು. ನಲವತ್ತು ವರ್ಷ ಆ ಕೈ ಯಾರನ್ನೂ ಕೇಳಿ ಕೆಲಸ ಮಾಡಿದ್ದಲ್ಲ. ಹಿಂಡಿದ ನೀರು ಕೆಂಪಾಗಿ ಇಳಿದಾಗ ಅವಳು ಕೈ ನೋಡಿಕೊಂಡಳು.

ಕೈಯಲ್ಲಿದ್ದದ್ದು ಓತಿಲಿಯಾಳ ಕುಪ್ಪಸ.

ಮನೆಯೊಡತಿ ಇನ್ನೂ ಮಾತಾಡುತ್ತಲೇ ಇದ್ದಳು. ಇಲಾರಿಯಾ ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಳು. ಕಂಕುಳ ಹತ್ತಿರ ಮೂಸಿದಳು, ಕೊರಳ ಹೊಲಿಗೆಯ ಹತ್ತಿರ ಮೂಸಿದಳು. ಎಲ್ಲೆಲ್ಲೂ ಸೋಪು. ಹುಡುಗಿಯ ವಾಸನೆ ಎಳ್ಳಷ್ಟೂ ಇರಲಿಲ್ಲ. ಅಷ್ಟು ಚೆನ್ನಾಗಿ ಒಗೆದಿದ್ದಳು ಪಾಪಿ.

ತಮ್ಮನಿಗೆ ಹೇಳಬೇಕು. ಹೇಳಿದರೆ? ಹಿಂದಕ್ಕೆ ಹೋಗಿ ಇನ್ನೊಂದು ಬಟ್ಟೆ ತಂದು ಮತ್ತೆ ಇಲ್ಲಿಗೆ ಬರಲು ಎರಡು ದಿನ. ಹುಡುಗಿಯ ಮೈಯಲ್ಲಿ ಆ ಎರಡು ದಿನ ಇದೆಯೋ ಇಲ್ಲವೋ. ಹೀಗೆ ಅವಳು ಲೆಕ್ಕ ಹಾಕಿದಳು. ನಿಜ ಹೇಳಬೇಕೆಂದರೆ ಅದೂ ನೆಪ. ವ್ಯಾನಿನಲ್ಲಿ ನಕ್ಕ ತಮ್ಮನ ಮುಖ ಕಣ್ಣ ಮುಂದೆ ಬಂತು, ಬಾಯಿಗೆ ಬೀಗ ಬಿತ್ತು. ಕುಪ್ಪಸವನ್ನು ತನ್ನ ರವಿಕೆಯೊಳಗೆ ಎದೆಗೆ ಒತ್ತಿಟ್ಟುಕೊಂಡು ಮೈಯ ಬಿಸಿಗೇ ಒಣಗಿಸಿಕೊಂಡಳು.

"ಯಾಕಕ್ಕ, ಮುಖ ಹಿಂಗಿದೆ?" ಎಂದ ಬೆರ್ನಾಬೆ ಬಂದವನೇ.

"ದಾರಿ ತಿರುವು ಕಣೋ. ಹೊಟ್ಟೆ ತೊಳಸ್ತಿದೆ."

ಅಲ್ಲಿಂದ ಬೆಟ್ಟ ಇಳಿದು, ತಾಳೆ ತೋಟಗಳ ನಡುವೆ ಧೂಳು ತಿಂದು, ಸಾಯಾಷ್ಚೆಯಲ್ಲಿ ತೆಪ್ಪದ ಮೇಲೆ ವ್ಯಾನ್ ಹತ್ತಿಸಿ ಹೊಳೆ ದಾಟಿದರು. ಮೇಲಿನೂರಿನ ಚಳಿಗೆ ಒಗ್ಗಿದ ಮೈ ಅವರದು, ಕೆಳಗಿನ ಸೆಕೆಗೆ ಬೆಂದುಹೋಯಿತು. ತೆಪ್ಪದ ಮೇಲೆ ಒಂದು ಬಿಳಿಯರ ಜೋಡಿ ಇತ್ತು. ಮೆಕ್ಸಿಕೋದಿಂದ ಬಸ್ಸಿನಲ್ಲೇ ಕೆಳಗಿಳಿಯುತ್ತ, ಹಳಬರ ಊರುಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋಗುವವರು. ಬೆನ್ನ ಮೇಲೆ ಇಷ್ಟೆತ್ತರ ಚೀಲ.

"ನೋಡಕ್ಕ, ಮನೇನೇ ಹೊತ್ಕೊಂಡ್ ಹೊರಟಿದಾರೆ" ಎಂದು ಬೆರ್ನಾಬೆ ಪಿಸುಗುಟ್ಟಿದ.

ಜೋಡಿಯ ಹುಡುಗಿ ಮುರುಕು ಸ್ಪ್ಯಾನಿಷ್‌ನಲ್ಲಿ, "ನೀವೂ ತಿಕಾಲ್ ನೋಡೋಕಾ?" ಎಂದು ಕೇಳಿದಳು.

"ಇಲ್ಲಮ್ಮ, ಮಗಳನ್ನ ಕರ್ಕೊಂಡ್ ಬರೋಕೆ" ಎಂದ ಬೆರ್ನಾಬೆ. ಅವಳು ಚೆಂದ ನಕ್ಕು, ಒಳ್ಳೆಯದಾಗಲಿ ಎಂದಳು. ಇಲಾರಿಯಾ ಹೊಳೆಯ ಕಡೆ ಮುಖ ತಿರುಗಿಸಿಕೊಂಡಳು.

ತಿಕಾಲಿಗೆ ಅವರು ಬೆಳಗಿನ ಮೊದಲ ವ್ಯಾನಿನಲ್ಲಿ ಹೋದರು. ಮಂಜು ಇನ್ನೂ ಮರದ ತಲೆಯಿಂದ ಇಳಿದಿರಲಿಲ್ಲ. ಗುಡಿಗಳ ನಡುವಿನ ಅಂಗಳದ ಬೆಂಕಿಯ ಜಾಗದಲ್ಲಿ ಬೆರ್ನಾಬೆ ಕೋಪಾಲ್ ಧೂಪ ಹಚ್ಚಿ, ಬಣ್ಣದ ಮೇಣದ ಬತ್ತಿಗಳನ್ನಿಟ್ಟು, ಆ ಜಾಗ ಕಾಯುವ, ಕಣ್ಣಿಗೆ ಕಾಣದ ಒಡೆಯರ ಅಪ್ಪಣೆ ಕೇಳಿದ. "ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ ಯಜಮಾನ್ರೇ, ಸಣ್ಣ ಹುಡುಗಿ, ನಮ್ಗೆ ಕೊಟ್ಬಿಡಿ" ಎಂದು ಕಲ್ಲಿಗೆ ಹಣೆ ಹಚ್ಚಿದ.

ಇನ್ನು ಕರೆಯುವ ಕೆಲಸ ಇಲಾರಿಯಾಳದು. ಹುಡುಗಿ ಜಾರಿದ ಮೆಟ್ಟಿಲು ಯಾವುದೆಂದು ಮಾಸ್ತರು ಹೇಳಿ ಕಳಿಸಿದ್ದರು, ಕೆಳಗಿನಿಂದ ಹನ್ನೊಂದನೆಯದು. ಅದರ ಬುಡದಲ್ಲಿ ನಿಂತು, ಕುಪ್ಪಸದಿಂದ ಕಲ್ಲನ್ನು ಮೂರು ಸಲ ಬಡಿದು, ಹೆಸರು ಹಿಡಿದು ಕೂಗಬೇಕು. ತೊಟ್ಟಿಯ ಬಳಿ ನಿಂತು ಮೂರು ಬೀದಿಯಾಚೆಗಿನ ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದ ಗಂಟಲು ಅದು. ಅಂದು ಮಾತ್ರ "ಓತಿಲಿಯಾ, ಬಾ ಮಗಳೇ" ಎಂದದ್ದು ಪಕ್ಕದಲ್ಲಿದ್ದ ತಮ್ಮನಿಗೇ ಸರಿಯಾಗಿ ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು? ಕೈಯಲ್ಲಿ ಹಿಡಿದದ್ದು ಯಾರದ್ದೋ ಬಟ್ಟೆ. ಮೂರು ಸಲ ಕರೆದಳು. ಮೂರೂ ಸಲ ಹಾಗೇ.

ಜೀವ ಬಂದು ಕೂತರೆ ಬಟ್ಟೆ ಭಾರವಾಗುತ್ತದೆ.

"ಭಾರ ಆಯ್ತಾ ಅಕ್ಕ?"

ಅವಳ ಕೈಯಲ್ಲಿ ಕುಪ್ಪಸ ಹತ್ತಿಯಂತೆ ಹಗುರಾಗಿತ್ತು. ತಮ್ಮ ಬಾಯಿ ಅರ್ಧ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ.

"ಆಯ್ತು" ಎಂದಳು ಇಲಾರಿಯಾ.

ಬೆರ್ನಾಬೆ ಅಲ್ಲೇ ಕುಸಿದು ಕೂತು ಗಳಗಳ ಅತ್ತುಬಿಟ್ಟ. ಆಮೇಲೆ ಎದ್ದು ಪೆತ್ರೋನಾಗೆ ಫೋನ್ ಮಾಡಿದ. "ಸಿಕ್ಕಿದ್ಲು ಕಣೇ. ಅಕ್ಕನ ಕೈಯಲ್ಲಿದಾಳೆ. ಬರ್ತಿದೀವಿ."

ಕರೆತರುವ ಜೀವಕ್ಕೆ ದಾರಿ ತಪ್ಪಬಾರದು. ಹೊಳೆ ಬಂದರೆ, ತಿರುವು ಬಂದರೆ, ವ್ಯಾನ್ ಬದಲಿಸಿದರೆ ಹೇಳುತ್ತಿರಬೇಕು. ಬೆರ್ನಾಬೆ ಒಂದನ್ನೂ ಬಿಡಲಿಲ್ಲ. "ಹೊಳೆ ಬಂತು ಮಗಳೇ, ಅಂಜಬೇಡ. ಇಲ್ಲಿ ಇಳೀಬೇಕು, ಅತ್ತೆ ಕೈ ಬಿಡಬೇಡ." ಮೂರು ದಿನ, ಬೆಳಗಿನಿಂದ ಸಂಜೆಯವರೆಗೆ, ಖಾಲಿ ಬಟ್ಟೆಯೊಂದಿಗೆ ಅವನು ಮಾತಾಡಿದ. ಪ್ರತಿ ಮಾತೂ ಇಲಾರಿಯಾಳ ಹೊಟ್ಟೆಗೆ ಕೊಳ್ಳಿ ಇಟ್ಟಂತೆ. ಈಗ ಹೇಳಲೇ, ಮುಂದಿನ ಊರಲ್ಲಿ ಹೇಳಲೇ ಎಂದುಕೊಳ್ಳುತ್ತಲೇ ಮನೆ ಬಂದುಬಿಟ್ಟಿತು.

ಮನೆಯಲ್ಲಿ ಓತಿಲಿಯಾ ಒರಗಿ ಕೂತಿದ್ದಳು. ಅಪ್ಪನ ಫೋನಿನ ಸುದ್ದಿ ಕೇಳಿದ ದಿನ ಎರಡು ಬಟ್ಟಲು ಕೋಳಿ ಸಾರು ಕುಡಿದಿದ್ದಳಂತೆ. ಕುಪ್ಪಸವನ್ನು ಅವಳಿಗೆ ತೊಡಿಸಿದರು. ಮರುದಿನ ಅರ್ಧ ರೊಟ್ಟಿ ತಿಂದಳು. ವೆನಾನ್ಸಿಯಾ ಅಜ್ಜಿ ಮಾತ್ರ ಮಣಿಕಟ್ಟು ಹಿಡಿದು, ಇಲಾರಿಯಾಳ ಕಡೆ ಒಮ್ಮೆ ನೋಡಿ ಎದ್ದುಹೋದಳು. ಐದನೇ ದಿನ ಹುಡುಗಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟವಳು ಏಳಲಿಲ್ಲ.

ಅದೇ ಕೆಂಪು ಕುಪ್ಪಸದಲ್ಲಿ ಅವಳನ್ನು ಮಣ್ಣು ಮಾಡಿದರು. ನೆಲಕ್ಕೆ ಪೈನ್ ಎಲೆ ಹಾಸಿದ ಮನೆಯಲ್ಲಿ, ಬಂದವರಿಗೆಲ್ಲ ಬೆರ್ನಾಬೆ ಒಂದೇ ಮಾತು ಹೇಳಿದ. "ಆಯಸ್ಸು ಅಷ್ಟೇ ಇತ್ತು, ಏನ್ ಮಾಡೋಕಾಗುತ್ತೆ? ಆದ್ರೂ ನನ್ ಮಗಳು ಪೂರ್ತಿಯಾಗಿ ಹೋದ್ಲು. ಅಲ್ಲಿ ಪರದೇಶಿ ಥರ ಕಲ್ಲಿನ ಮೇಲೆ ಕೂತಿಲ್ಲ. ನಮ್ಮಕ್ಕ ಕರ್ಕೊಂಡ್ ಬಂದ್ಲು." ಜನ ಇಲಾರಿಯಾಳ ಕೈ ಹಿಡಿದು ಒಳ್ಳೆಯ ಕೆಲಸ ಮಾಡಿದೆ ಎಂದರು. ಆ ಕೈ ಕತ್ತರಿಸಿ ಬಿಸಾಡಬೇಕೆನಿಸಿತು ಅವಳಿಗೆ. ರಾತ್ರಿ ಹಗಲು ಅವಳಿಗೆ ಕಾಣುತ್ತಿದ್ದದ್ದು ಒಂದೇ. ಹನ್ನೊಂದನೇ ಮೆಟ್ಟಿಲು, ಅದರ ಮೇಲೆ ಮೊಣಕಾಲು ತಬ್ಬಿ ಕೂತ ಹುಡುಗಿ. ಮನೆಗೆ ಹೋಗಲು ಮೈಯೂ ಇಲ್ಲ ಈಗ.

ಒಂಬತ್ತನೇ ದಿನದ ಪ್ರಾರ್ಥನೆ ಮುಗಿದ ಮೇಲೆ ಸತ್ತವರ ಬಟ್ಟೆ ಒಗೆಯುವುದು ಪದ್ಧತಿ. ಪೆತ್ರೋನಾ ಬಟ್ಟೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ತೊಟ್ಟಿಗೆ ಬಂದಳು. ಹುಡುಗಿಯ ಲಂಗ, ಹೊದಿಕೆ, ಎರಡು ಕುಪ್ಪಸ. ಮೇಲಿದ್ದದ್ದು ಹಸಿರು ಕುಪ್ಪಸ, ಇವರು ಊರಲ್ಲಿಲ್ಲದ ದಿನಗಳಲ್ಲಿ ಅವಳು ಹಾಕಿಕೊಂಡಿದ್ದದ್ದು.

"ಅತ್ತಿಗೆ, ನೀವೇ ಒಗೀರಿ. ನಂಗೆ ಕೈ ಬರ್ತಿಲ್ಲ" ಎಂದು ಪೆತ್ರೋನಾ ಹಸಿರು ಕುಪ್ಪಸವನ್ನು ಎತ್ತಿ ನೀರಿನ ಕಡೆ ಚಾಚಿದಳು.

"ಅದನ್ನ ಹಾಕ್ಬೇಡ."

"ಯಾಕೆ?"

"ಅವಳ ಬೆವರು ಉಳಿದಿರೋದು ಅದೊಂದ್ರಲ್ಲೇ. ಅದನ್ನೂ ಒಗೆದ್ರೆ ಅವಳನ್ನ ಕರೆಯೋಕೆ ಏನೂ ಇರಲ್ಲ."

ಪೆತ್ರೋನಾಗೆ ಅರ್ಥವಾಗಲಿಲ್ಲ. ಇಲಾರಿಯಾ ತೊಟ್ಟಿಯ ಅಂಚು ಹಿಡಿದುಕೊಂಡು ಎಲ್ಲ ಹೇಳಿದಳು. ಕೂಸು ಕಕ್ಕಿದ್ದು, ಕೊಬಾನಿನ ಸೋಪು, ಎದೆಗೆ ಒತ್ತಿ ಒಣಗಿಸಿದ್ದು, ಭಾರ ಆಯಿತೆಂದು ಸುಳ್ಳು ಹೇಳಿದ್ದು. ಏನನ್ನೂ ಬಿಡಲಿಲ್ಲ. ಬಿಟ್ಟರೆ ಮತ್ತೆ ಹೇಳುವ ಧೈರ್ಯ ಬಾರದೆಂದು ಅವಳಿಗೆ ಗೊತ್ತಿತ್ತು. ಹೊಡೆಯಲಿ ಎಂದೇ ತಲೆ ತಗ್ಗಿಸಿ ನಿಂತಳು.

ಪೆತ್ರೋನಾ ಹೊಡೆಯಲಿಲ್ಲ. ಹಸಿರು ಕುಪ್ಪಸವನ್ನು ಎದೆಗವುಚಿಕೊಂಡಳು.

"ಹಾಗಾದ್ರೆ ನನ್ ಮಗು ಅಲ್ಲೇ ಇದೆ."

"ಹೂಂ."

"ಅವ್ರಿಗೆ ಹೇಳ್ಬೇಡಿ. ಅವ್ರಾದ್ರೂ ನಿದ್ದೆ ಮಾಡ್ಲಿ. ನಾಳೆ ಬೆಳಿಗ್ಗೆ ಹೊರಡೋಣ, ಕರ್ಕೊಂಡ್ ಬಂದು ಅವಳ ಮೈ ಇರೋ ಮಣ್ಣಿಗೇ ಸೇರಿಸೋಣ."

ಹರಕೆಯ ಬತ್ತಿ ಹಚ್ಚಲು ಹೋಗುತ್ತೇವೆಂದು ಬೆರ್ನಾಬೆಗೆ ಹೇಳಿ, ಚಿಕ್ಕ ಮಕ್ಕಳಿಬ್ಬರನ್ನು ಅವನ ಬಳಿ ಬಿಟ್ಟು, ಇಬ್ಬರು ಹೆಂಗಸರು ಮತ್ತೆ ಅದೇ ದಾರಿ ಹಿಡಿದರು. ಕೀಚೆ, ಉಸ್ಪಾಂತಾನ್, ಕೊಬಾನ್. ಗಂಟು ಈಗ ಪೆತ್ರೋನಾಳ ಮಡಿಲಲ್ಲಿತ್ತು, ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಶಾಲು ಸುತ್ತಿ. ಮೂರು ದಿನ ಅವಳು ಇಲಾರಿಯಾಳೊಂದಿಗೆ ಒಂದು ಮಾತೂ ಆಡಲಿಲ್ಲ. ಹೊತ್ತು ಹೊತ್ತಿಗೆ ಜೋಳದ ಕಡುಬು ಬಿಚ್ಚಿ ಕೈಗಿಡುತ್ತಿದ್ದಳು, ಸೆಕೆಗೆ ನೀರು ಕೊಡುತ್ತಿದ್ದಳು. ಮುಖ ಮಾತ್ರ ನೋಡುತ್ತಿರಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಇಲಾರಿಯಾ ಕೊಟ್ಟದ್ದನ್ನು ತಿಂದಳು, ಯಾಕೆಂದರೆ ಬೇಡ ಎನ್ನುವ ಅಧಿಕಾರವೂ ತನಗಿಲ್ಲ ಎನಿಸಿತ್ತು.

ತಿಕಾಲಿನಲ್ಲಿ ಅಂದು ಬಿಸಿಲು. ಬಂದವರು ಟೋಪಿ ಹಾಕಿಕೊಂಡು ಗುಡಿಗಳ ಫೋಟೋ ತೆಗೆಯುತ್ತಿದ್ದರು. ಒಬ್ಬ ಗೈಡು ಯಾವ ರಾಜ ಯಾವ ರಾಣಿಗೆ ಏನು ಕಟ್ಟಿಸಿದನೆಂದು ಹೇಳುತ್ತಿದ್ದ. ಪೆತ್ರೋನಾ ಯಾರನ್ನೂ ನೋಡದೆ ಧೂಪ ಹಚ್ಚಿದಳು, ಅಪ್ಪಣೆ ಕೇಳಿದಳು, ಮೆಟ್ಟಿಲ ಬುಡಕ್ಕೆ ಬಂದಳು. ಹಸಿರು ಕುಪ್ಪಸ ಬಿಚ್ಚಿ ಮೊದಲು ತಾನು ಮೂಸಿದಳು. ಆಮೇಲೆ ಕಲ್ಲಿಗೆ ಬಡಿದಳು.

"ಓತಿಲಿಯಾ, ಅಮ್ಮ ಬಂದಿದೀನಿ. ಬಾ."

ಎರಡನೇ ಸಲ ಕರೆಯುವಾಗ ದನಿ ಒಡೆಯಿತು. ಮೂರನೇ ಸಲಕ್ಕೆ ಹೆಸರಿನ ಅರ್ಧವೇ ಹೊರಬಂತು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಲಾರಿಯಾ ಹತ್ತು ಹೆಜ್ಜೆ ಹಿಂದೆ, ಮರದ ಬೇರಿನ ಹತ್ತಿರ ನಿಂತಿದ್ದಳು.

"ಅತ್ತಿಗೆ." ಮೂರು ದಿನದ ಮೇಲೆ ಮೊದಲ ಮಾತು. "ನೀವು ಕರೀರಿ."

"ನಂಗೆ ಯಾವ ಬಾಯಿ ಇದೆ ಪೆತ್ರೋನಾ, ಕರೆಯೋಕೆ?"

"ಆ ಬಾಯಿ ಮುಚ್ಕೊಂಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು." ಪೆತ್ರೋನಾ ತಿರುಗಿ ಅವಳ ಮುಖವನ್ನೇ ನೋಡಿದಳು. ಕಣ್ಣಲ್ಲಿ ಕ್ಷಮೆ ಇರಲಿಲ್ಲ. "ನಾನ್ ನಿಮ್ಮನ್ನ ಕ್ಷಮಿಸಿಲ್ಲ. ಮುಂದೆ ಕ್ಷಮಿಸ್ತೀನೋ ಇಲ್ವೋ, ಅದೂ ಗೊತ್ತಿಲ್ಲ. ಆದ್ರೆ ನಾನ್ ಕರೆದ್ರೆ ಅವಳು ಬಂದೇ ಅಮ್ಮ, ಬಂದೇ ಅಂತ ಕೂತಲ್ಲೇ ಕೂತಿರ್ತಾಳೆ. ಹುಟ್ಟಿದಾಗಿಂದ ಹಾಗೇ. ನೀವ್ ಕರೆದ್ರೆ ಎದ್ದು ಓಡಿ ಬರ್ತಾಳೆ. ಕರೀರಿ."

ಇಲಾರಿಯಾ ಬಂದು ಮೆಟ್ಟಿಲ ಬುಡದಲ್ಲಿ ನಿಂತಳು. ಪೆತ್ರೋನಾ ಕುಪ್ಪಸವನ್ನು ಎರಡೂ ಕೈಯಲ್ಲಿ ಹಿಡಿದು, ಮಗುವಿಗೆ ತೊಡಿಸಲು ಹಿಡಿದಂತೆ, ಕೊರಳು ಅಗಲಿಸಿ ಮೇಲಕ್ಕೆತ್ತಿದಳು. ಇಲಾರಿಯಾ ಉಸಿರೆಳೆದುಕೊಂಡು ಕೂಗಿದಳು. ಗೈಡಿನ ಮಾತು ನಿಂತಿತು. ಟೋಪಿಯವರೆಲ್ಲ ತಿರುಗಿ ನೋಡಿದರು. ನೋಡಿದರೆ ನೋಡಲಿ.

"ಓತಿಲಿಯಾ! ಅತ್ತೆ ಕಣೇ. ಹೋದ ಸಲ ಬಂದು ಸರಿಯಾಗಿ ಕರೀಲಿಲ್ಲ, ತಪ್ಪು ನಂದು. ಅಮ್ಮನ ಕೈಯಲ್ಲಿ ನಿನ್ನ ಹಸಿರು ಕುಪ್ಪಸ ಇದೆ, ನೋಡು. ಒಗೆದಿಲ್ಲ ಮಗಳೇ, ಮುಟ್ಟೇ ಇಲ್ಲ ನಾನು. ಎದ್ದು ಬಾ, ಮನೆಗೆ ಹೋಗೋಣ."